ಅರ್ಧ ತಾಸು ಉಳಿಸಿದ ದಿನ

ಸೋಮವಾರ ಹಾನಗಲ್ಲ, ಮಂಗಳವಾರ ಶಿಗ್ಗಾಂವಿ, ಬುಧವಾರ ಸವಣೂರು, ಗುರುವಾರ ಹಿರೇಕೆರೂರು. ಶುಕ್ರವಾರ ಹಾವೇರಿಯ ನಮ್ಮ ಕಚೇರಿಯಲ್ಲಿ ಕುಳಿತು, ನಾಲ್ಕು ದಿನ ಯಾರ ಯಾರ ನಡು ಹೇಗಿತ್ತು ಎಂದು ರಜಿಸ್ಟರಿನಲ್ಲಿ ಬರೆಯುವುದು. ಹನ್ನೊಂದು ವರ್ಷದಿಂದ ನನ್ನ ವಾರ ಹೀಗೇ ಇದೆ. ನಾನು ಫಿಜಿಯೋಥೆರಪಿಸ್ಟ್. ಹೆಂಗಸು, ಐವತ್ತು ದಾಟಿದವಳು. ಮೊದಲೇ ಹೇಳಿಬಿಡುತ್ತೇನೆ, ನನಗೂ ನಡುನೋವಿದೆ. ಈ ನಾಲ್ಕು ತಾಲೂಕಿನ ರಸ್ತೆಗಳಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಓಡಾಡಿದರೆ ಯಾರಿಗಾದರೂ ಬಂದೀತು. ಊರೂರು ತಿರುಗಿ ‘ನಡುನೋವಿಗೆ ಹೆದರಬೇಡಿ’ ಎಂದು ಭಾಷಣ ಮಾಡಿ, ಸಂಜೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನಿಂದ ಏಳುವಾಗ ‘ಎವ್ವಾ’ ಎನ್ನುತ್ತೇನೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಒಂದು ಸಣ್ಣ ಸಂಸ್ಥೆ ನನಗೆ ಸಂಬಳ ಕೊಡುತ್ತದೆ. ಕೆಲಸ ಇಷ್ಟೇ: ಹಳ್ಳಿಯ ಸಮುದಾಯ ಭವನದಲ್ಲೋ ಶಾಲೆಯ ಕೋಣೆಯಲ್ಲೋ ಅಲ್ಲಿನ ಆಶಾ ಕಾರ್ಯಕರ್ತೆ ಮೂವತ್ತು ನಲವತ್ತು ಮಂದಿಯನ್ನು ಕೂಡಿಸಿರುತ್ತಾಳೆ. ನಾನು ಒಂದು ತಾಸು ನಡುನೋವಿನ ಬಗ್ಗೆ ಹೇಳುತ್ತೇನೆ, ಆಮೇಲೆ ಒಬ್ಬೊಬ್ಬರನ್ನೇ ನೋಡುತ್ತೇನೆ. ಒಂದೊಂದು ಕಡೆ ಒಂದೊಂದು ಥರದ ನಡು. ಹಾನಗಲ್ಲ ಕಡೆ ಭತ್ತದ ನಾಟಿ ಮಾಡಿದ ನಡು, ದಿನವಿಡೀ ಕೆಸರಿನಲ್ಲಿ ಬಾಗಿ ಸಂಜೆಗೆ ನೆಟ್ಟಗಾಗಲು ಒಲ್ಲೆ ಎನ್ನುತ್ತದೆ. ಶಿಗ್ಗಾಂವಿಯಲ್ಲಿ ಲಾರಿ, ಟೆಂಪೋ ಓಡಿಸುವವರು. ಸವಣೂರಿನಲ್ಲಿ ವೀಳ್ಯದೆಲೆ ಎಣಿಸಿ ಕಟ್ಟು ಕಟ್ಟುವ ಹೆಂಗಸರು. ಹಿರೇಕೆರೂರಿನಲ್ಲಿ ಗೋವಿನಜೋಳದ ಚೀಲ ಹೊರುವ ಹಮಾಲರು ಮತ್ತು ಹತ್ತಿಬೀಜದ ಹೊಲದಲ್ಲಿ ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕೆಲಸದ ಹೆಂಗಸರು.

ನಡು ಬೇರೆಯಾದರೂ ಎಲ್ಲರ ಬಾಯಲ್ಲಿ ಮಾತು ಒಂದೇ. ‘ಮಣಕಾ ಸವದಾವ್ರಿ.’ ಮಣಕಾ ಎಂದರೆ ಬೆನ್ನುಮೂಳೆಯ ಮಣಿ. ‘ಗ್ಯಾಪ್ ಆಗೈತ್ರಿ.’ ‘ಗಾದಿ ಸರದೈತ್ರಿ, ಬಗ್ಗಿದ್ರ ಲಕ್ವಾ ಹೊಡೀತೈತಿ ಅಂದಾರ.’ ಯಾರು ಅಂದರು ಎಂದು ಕೇಳಿದರೆ, ಯಾರೋ. ಎಕ್ಸ್‌ರೇ ಫೋಟೋ ತೆಗೆದವನು, ಬೆಲ್ಟ್ ಮಾರಿದವನು, ಪಕ್ಕದ ಮನೆಯವನ ಭಾವಮೈದುನ. ನಾನು ಮೊದಮೊದಲು ಒಂದು ಪ್ಲಾಸ್ಟಿಕ್ ಬೆನ್ನೆಲುಬನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಅದರಲ್ಲಿ ಎರಡು ಮಣಿಗಳ ನಡುವಿನ ಡಿಸ್ಕು, ಅಂದರೆ ಒಂದು ಕೆಂಪು ಗಾದಿ, ಹೊರಗೆ ಚಾಚಿಕೊಂಡಿತ್ತು. ಹೆದರಬೇಡಿ ಎನ್ನುತ್ತಲೇ ಅದನ್ನು ತೋರಿಸುತ್ತಿದ್ದೆ. ಜನ ನನ್ನ ಮಾತು ಬಿಟ್ಟು ಆ ಕೆಂಪನ್ನಷ್ಟೇ ಮನೆಗೆ ಒಯ್ದರು. ಈಗ ಅದು ಕಚೇರಿಯ ಕಪಾಟಿನ ಮೇಲೆ ಧೂಳು ತಿನ್ನುತ್ತ ಕೂತಿದೆ.

ನನ್ನ ಪಾಠ ನನಗೆ ಬಾಯಿಪಾಠ. ‘ನೋವು ಬಂತಂದ್ರ ಮುರದೈತಿ ಅಂತ ಅಲ್ಲ. ವಯಸ್ಸಿಗೆ ಕೂದಲಾ ಬೆಳ್ಳಗಾದಂಗ ಮಣಕಾ ಸವೀತಾವು, ಸವದವರಿಗೆಲ್ಲಾ ನೋವಾಗಂಗಿಲ್ಲ. ಮಲಗಬ್ಯಾಡ್ರಿ. ಮಲಗಿದ್ರ ನಡಾ ಇನ್ನಷ್ಟು ಬಿಗೀತೈತಿ. ಮೊದಲ ಎರಡ ದಿನಾ ಬೇಕಾದ್ರ ಆರಾಮ ತಗೋರಿ, ಆಮ್ಯಾಲ ಎದ್ದು ಅಡ್ಡಾಡ್ರಿ. ಬಹಳ ಮಂದಿಗೆ ತಾನ ಕಡಿಮಿ ಆಕ್ಕೈತಿ.’ ಇದನ್ನು ನಾನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಹೇಳಿದ್ದೇ ಬಂತು. ‘ಹೌದ್ರೀ ಹೌದು’ ಎಂದು ತಲೆಯಾಡಿಸಿದ ಹಮಾಲ ಮುಂದಿನ ವಾರ ನಡುವಿಗೆ ಮೊಳದಗಲ ಬೆಲ್ಟ್ ಬಿಗಿದುಕೊಂಡು ಬರುತ್ತಾನೆ. ಎಲೆ ಕಟ್ಟುವ ಮುದುಕಿ, ಕಾಲು ಮುಂದಾಗಿ ಹುಟ್ಟಿದ ಒಬ್ಬನನ್ನು ಹುಡುಕಿ ಅವನಿಂದ ನಡುವಿಗೆ ಒದೆಸಿಕೊಂಡು ಬಂದು, ‘ಚಳಕು ಬಿಡ್ತ ನೋಡ್ರಿ, ನಿಮ್ಮ ಎಕ್ಸಸೈಜ್ ಯಾಕ ಬೇಕ’ ಎಂದು ನನಗೇ ಬುದ್ಧಿ ಹೇಳಿದಳು. ಕೋಣನ ಮುಂದೆ ಕಿನ್ನರಿ ಎಂದು ನಾನು ಬಸ್ಸಿನಲ್ಲಿ ಒಬ್ಬಳೇ ಗೊಣಗಿದ್ದೆಷ್ಟೋ ಸಲ. ಒಬ್ಬರಾದರೂ, ಒಬ್ಬರೇ ಒಬ್ಬರಾದರೂ ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡಬಾರದೇ ಎಂದು ಅನಿಸುತ್ತಿತ್ತು.

ಪಾಠದ ಕೊನೆಗೆ ನಾಲ್ಕು ಪ್ರಶ್ನೆಗಳಿವೆ. ಜ್ವರ ಬರುತ್ತದೆಯೇ, ಮೈ ಇಳಿದಿದೆಯೇ, ಇದು ಮೊದಲನೆಯದು. ಕಾಲಿನ ಶಕ್ತಿ ಹೋಗಿದೆಯೇ, ಎರಡನೆಯದು. ಕೂರುವ ಜಾಗ, ತೊಡೆಯ ಸಂದು ಜೋಮು ಹಿಡಿದ ಹಾಗಿದೆಯೇ, ಮೂರನೆಯದು. ಒಂದಕ್ಕೆ ಹೋಗಲು ತ್ರಾಸವಿದೆಯೇ, ಹೋಗಿದ್ದು ಗೊತ್ತಾಗದ ಹಾಗಿದೆಯೇ, ಇದು ನಾಲ್ಕನೆಯದು. ಕೊನೆಯ ಎರಡರಲ್ಲಿ ಒಂದಕ್ಕಾದರೂ ಹೌದು ಎಂದರೆ ಅದು ನನ್ನ ಕೈಯ ಕೆಲಸವಲ್ಲ. ಬೆನ್ನಿನ ಕೆಳಗಿನ ನರಗಳ ಕಟ್ಟೇ ಒತ್ತಡಕ್ಕೆ ಸಿಕ್ಕಿರಬಹುದು. ಅಂಥವರು ಅದೇ ದಿನ ಹುಬ್ಬಳ್ಳಿಗೆ ಓಡಬೇಕು. ತಡವಾದರೆ ಆ ನರಗಳು ಮತ್ತೆ ಪೂರ್ತಿ ಜೀವ ಹಿಡಿಯುವ ಭರವಸೆ ಇಲ್ಲ. ವರ್ಷಗಟ್ಟಲೆ ಕೇಳಿದರೂ ಒಂದು ‘ಹೌದು’ ಸಿಗುವುದು ಅಪರೂಪ. ಅದಕ್ಕೇ ಕೇಳುವ ಬಾಯಿಗೆ ಬೇಸರ ಹಿಡಿಯುತ್ತದೆ.

ಈ ಪ್ರಶ್ನೆಗಳನ್ನು ಹೆಂಗಸರಿಗೆ ಕೇಳುವುದಕ್ಕೆ ನನ್ನದೇ ಒಂದು ಉಪಾಯವಿತ್ತು, ಚಾ. ನಮ್ಮ ಕಡೆ ಸೊಸೆಯನ್ನು ಇಂಥ ಕಡೆಗೆ ಮಾವನೇ ಕರೆದುಕೊಂಡು ಬರುತ್ತಾನೆ. ಗಂಡ ಹೊಲದಲ್ಲೋ ಗಾಡಿಯ ಮೇಲೋ ಇರುತ್ತಾನೆ, ಮಾವನ ಹತ್ತಿರ ಬೈಕೂ ಇದೆ, ಸಮಯವೂ ಇದೆ. ‘ಏನಾಗೇತವ್ವಾ?’ ಎಂದು ನಾನು ಸೊಸೆಯನ್ನು ಕೇಳಿದರೆ ಮಾವ ಹೇಳುತ್ತಾನೆ. ಸೊಸೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಗೋಡೆ ನೋಡುತ್ತಾಳೆ. ಇದರಲ್ಲಿ ಯಾರದೂ ಕೆಟ್ಟ ಬುದ್ಧಿಯಿಲ್ಲ, ಮರ್ಯಾದೆ ಇರುವುದೇ ಹಾಗೆ. ಆದ್ದರಿಂದ ಪಾಠ ಮುಗಿದ ಕೂಡಲೇ ನಾನು, ‘ಯಜಮಾನ್ರ, ಹೊರಗ ಚಾ ಬಂದೈತಿ, ಆರಿ ಹೋಗತೈತಿ, ಕುಡದು ಬರ್ರಿ’ ಎನ್ನುತ್ತಿದ್ದೆ. ಗಂಡಸರು ಚಾ ಕುಡಿದು, ಎಲೆ ಹಾಕಿಕೊಂಡು, ಮಳೆ ಬೆಳೆ ಮಾತಾಡಿ ಬರುವುದಕ್ಕೆ ಅರ್ಧ ತಾಸು ಬೇಕು. ಅಷ್ಟರಲ್ಲಿ ಬಾಗಿಲು ಮುಂದೆ ಮಾಡಿ, ನಾಲ್ಕೂ ಪ್ರಶ್ನೆಗಳನ್ನು ಯಾಕೆ ಕೇಳುತ್ತೇನೆಂದು ಬಿಡಿಸಿ ಹೇಳಿ, ಒಬ್ಬೊಬ್ಬರ ಕಿವಿಯ ಹತ್ತಿರ ಬಾಗಿ ಕೇಳುತ್ತಿದ್ದೆ.

ಈ ಉಪಾಯವನ್ನು ನನಗೆ ಯಾವ ಕಾಲೇಜಿನಲ್ಲೂ ಕಲಿಸಲಿಲ್ಲ. ನಾನೂ ಸೊಸೆಯಾಗಿ ಬಾಳಿದವಳು. ಮದುವೆಯಾದ ಹೊಸದರಲ್ಲಿ ಯಲವಿಗಿಯ ಕಡೆ ಒಂದು ಲಗ್ನಕ್ಕೆ ಮನೆಮಂದಿಯೆಲ್ಲ ಟ್ರ್ಯಾಕ್ಟರಿನಲ್ಲಿ ಹೋಗಿದ್ದೆವು. ಮಾವನವರು ಮುಂದೆ, ಡ್ರೈವರನ ಪಕ್ಕ ಕುಳಿತಿದ್ದರು. ಅರ್ಧ ದಾರಿಯಲ್ಲಿ ನನಗೆ ಒಂದಕ್ಕೆ ಅವಸರವಾಯಿತು. ಗಾಡಿ ನಿಲ್ಲಿಸಿ ಎನ್ನಬೇಕಾದರೆ ಅವರಿಗೇ ಹೇಳಬೇಕು. ನಾನು ಫಿಜಿಯೋಥೆರಪಿ ಓದಿದವಳು, ಮನುಷ್ಯನ ಮೈಯ ಒಂದೊಂದು ಭಾಗದ ಹೆಸರು ಬಾಯಿಪಾಠ ಇದ್ದವಳು, ತುಟಿ ಕಚ್ಚಿ ಎರಡು ತಾಸು ಕುಳಿತೆ. ಲಗ್ನದ ಮನೆ ಮುಟ್ಟುವ ಹೊತ್ತಿಗೆ ಕಣ್ಣಲ್ಲಿ ನೀರು. ‘ತವರುಮನಿ ನೆನಪಾತೇನವ್ವಾ?’ ಎಂದು ಮಾವನವರೇ ಪಾಪ ಮರುಗಿದರು. ಹೌದು ಎಂದೆ.

ಹೀಗೆ ಎಲ್ಲ ಗೊತ್ತಿದ್ದೂ ನಾನು ಅವತ್ತು ಆ ಚಾ ಬಿಟ್ಟೆ.

ಹೋದ ವರ್ಷದ ಬಿಸಿಲು. ಗುರುವಾರ, ಚಿಕ್ಕೇರೂರಿನ ಆಚೆಗಿನ ಒಂದು ಹಳ್ಳಿ. ಬೆಳಿಗ್ಗೆ ಬಸ್ಸಿನ ಟೈರು ಹೋಗಿ ಒಂದೂವರೆ ತಾಸು ರಸ್ತೆಯ ಮೇಲೆ ನಿಂತಿದ್ದೆ. ನಡು ಆಗಲೇ ಸಿಡಿಯುತ್ತಿತ್ತು. ಸಮುದಾಯ ಭವನದಲ್ಲಿ ಫ್ಯಾನು ತಿರುಗುತ್ತಿರಲಿಲ್ಲ. ಪಾಠ ಮುಗಿಸುವ ಹೊತ್ತಿಗೆ ನಾಲ್ಕಾಗುತ್ತ ಬಂತು. ನಾಲ್ಕೂವರೆಯ ಬಸ್ಸು ಬಿಟ್ಟರೆ ಮುಂದಿನದು ಏಳಕ್ಕೆ. ಆಗ ಆಶಾ ಕಾರ್ಯಕರ್ತೆ ಬಂದು ಕಿವಿಯಲ್ಲಿ ಹೇಳಿದಳು.

‘ಅಕ್ಕಾರ, ಚಾಕ್ಕ ಇಟ್ಟ ಹಾಲ ಒಡದಾವ್ರಿ. ಬ್ಯಾರೆ ಹಾಲ ತರಾಕ ಕಳಸೇನಿ. ಅರ್ಧ ತಾಸು ತಡೀರಿ.’

‘ಚಾನೂ ಬ್ಯಾಡ, ಏನೂ ಬ್ಯಾಡ,’ ಎಂದೆ. ‘ನನಗ ಬಸ್ ಹೋಗತೈತಿ. ಎಲ್ಲಾರನೂ ಹಿಂಗ ಸಾಲಾಗಿ ಬರಾಕ ಹೇಳು, ನೋಡಿ ಮುಗಸ್ತೇನಿ.’

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಅವಳಿಗೂ ನನ್ನ ಚಾದ ಲೆಕ್ಕ ಗೊತ್ತು. ಆದರೆ ನನ್ನ ಸಿಟ್ಟೂ ಗೊತ್ತು, ಜನರನ್ನು ಸಾಲು ನಿಲ್ಲಿಸಲು ಹೋದಳು.

ಸಾಲಿನಲ್ಲಿ ಏಳನೆಯವಳೋ ಎಂಟನೆಯವಳೋ ಇರಬೇಕು, ಒಬ್ಬ ಸೊಸೆ. ಮೂವತ್ತರ ಆಸುಪಾಸು, ಕ್ರಾಸಿಂಗ್ ಕೆಲಸಕ್ಕೆ ಹೋಗುವವಳು. ಪಾಠ ನಡೆದ ಒಂದು ತಾಸೂ ಅವಳು ಕಂಬಕ್ಕೆ ಒರಗಿ ನಿಂತೇ ಇದ್ದಳು. ಕೂಡು ಎಂದು ಎರಡು ಸಲ ಹೇಳಿದ್ದೆ, ಕೂತಿರಲಿಲ್ಲ. ಮಾವನ ಎದುರು ಕೂರುವುದಿಲ್ಲ ಎಂದುಕೊಂಡೆ. ಮಾವ ಬಿಳಿ ಧೋತರದ, ಮಾತಿನ ಮನುಷ್ಯ.

‘ಇಪ್ಪತ್ತು ದಿನದಿಂದ ನಡಾ ಹಿಡದೈತ್ರಿ ಅಕೀಗೆ. ಎಡಗಾಲಿಗೆ ಸೆಳೀತೈತಿ. ಒಂದ್ ಕಡ್ಡಿ ಎತ್ತಾಕ ಬಿಟ್ಟಿಲ್ಲರಿ ನಾವು. ಹಾಸಿಗಿ ಮ್ಯಾಲ ಮಲಗಿಸಿ, ಮಗಳಂಗ ನೋಡ್ಕೊಂಡೇವಿ.’

ಸಿಟ್ಟು ನೆತ್ತಿಗೇರಿತು. ಅವತ್ತು ಸಿಟ್ಟು ತೆಗೆಯುವುದಕ್ಕೆ ಯಾರಾದರೂ ಸಿಕ್ಕರೆ ಸಾಕಾಗಿತ್ತು. ‘ಒಂದ ತಾಸ ನಾ ಇಲ್ಲಿ ಯಾರ ಮುಂದ ಗಂಟಲಾ ಹರಕೊಂಡೆರಿ? ಮಲಗಸಬ್ಯಾಡ್ರಿ ಅಂತ ಹೇಳಲಿಲ್ಲೇನು? ಪ್ರೀತಿ ಮಾಡಿ ಮಾಡಿ ಅಕೀನ್ನ ಮೂಲೀಗೆ ಹಾಕಾಕತ್ತೀರಿ ನೀವು!’ ಎಂದೆ. ಮಂದಿ ನಕ್ಕಿತು. ಮುದುಕನ ಮುಖ ಸಣ್ಣದಾಯಿತು. ಸೊಸೆಯ ಕಾಲು ಎತ್ತಿಸಿದೆ, ಹಿಮ್ಮಡಿಯ ಮೇಲೆ ನಡೆಸಿದೆ. ಎಡಗಾಲು ಸ್ವಲ್ಪ ಸೋತಿತ್ತು. ಮಲಗಿ ಮಲಗಿ ಸೋತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ನಾಲ್ಕು ಪ್ರಶ್ನೆ, ಮೂವತ್ತು ಜನರ ನಡುವೆ, ಒಂದೇ ಉಸಿರಿನಲ್ಲಿ. ಯಾಕೆ ಕೇಳುತ್ತಿದ್ದೇನೆ ಎಂಬುದನ್ನು ಬಿಟ್ಟು.

‘ಕುಂಡ್ರೋ ಜಾಗಾ ಜೋಮ ಐತೇನು? ಒಂದಕ್ಕ ಎರಡಕ್ಕ ಸರಿ ಹೊಕ್ಕಿಯೇನು?’

ಅವಳ ಕುತ್ತಿಗೆ ಕೆಂಪಾಯಿತು. ಅವಳು ಮಾವನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಕೆಳಗೆ ನೋಡುತ್ತ ತಲೆಯಾಡಿಸಿದಳು. ‘ಅದೆಲ್ಲಾ ಬರೋಬರಿ ಐತ್ರಿ,’ ಎಂದು ಮಾವ ಮುಗಿಸಿದರು. ನಾನು ರಜಿಸ್ಟರಿನಲ್ಲಿ ನಾಲ್ಕು ಸಲ ‘ಇಲ್ಲ’ ಎಂದು ಬರೆದೆ.

‘ನೋಡವ್ವಾ,’ ಎಂದೆ. ‘ಇವತ್ತಿಂದ ಮುಂಜಾನೆ ಹತ್ತ ನಿಮಿಷ, ಸಂಜಿಕೆ ಹತ್ತ ನಿಮಿಷ ನಡಿ. ದಿನಾ ಒಂದೀಟು ಹೆಚ್ಚ ಮಾಡು. ನೋವಾದ್ರೂ ಹೆದರಬ್ಯಾಡ. ಏನ ಆದ್ರೂ ಹಾಸಿಗಿ ಹಿಡೀಬ್ಯಾಡ. ತಿಳೀತಿಲ್ಲೋ?’

‘ಹೂಂನ್ರಿ,’ ಎಂದಳು. ಅವತ್ತು ಅವಳು ಆಡಿದ್ದು ಅದೊಂದೇ ಮಾತು.

ನಾಲ್ಕೂವರೆಯ ಬಸ್ಸು ಐದೂಕಾಲಿಗೆ ಬಂತು. ಮುಕ್ಕಾಲು ತಾಸು ನಾನು ಬೇವಿನ ಗಿಡದ ಕೆಳಗೆ ನಿಂತು ಸಾರಿಗೆಯವರನ್ನು ಬೈದೆ.

ಮುಂದಿನ ಗುರುವಾರ ಹಿರೇಕೆರೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಅದೇ ಆಶಾ ಕಾರ್ಯಕರ್ತೆ ಬಾಗಿಲ ಹತ್ತಿರವೇ ನಿಂತಿದ್ದಳು. ಅವತ್ತು ನನಗೆ ಬೇರೆ ಊರಿನ ಸರದಿ. ಅವಳು ಬರುವ ಕಾರಣವಿರಲಿಲ್ಲ.

‘ಅಕ್ಕಾರ, ಆ ಕಂಬಕ್ಕ ನಿಂತಾಕಿ ಇದ್ದಳಲ್ರಿ, ಹುಬ್ಬಳ್ಳಿ ದವಾಖಾನ್ಯಾಗ ಅದಾಳ. ಆಪರೇಶನ್ ಆಗೇತಿ.’

‘ಏನಾತು?’

‘ಒಂದಕ್ಕ ಬಂದ ಆಗಿತ್ತಂತ್ರಿ. ಹೊಟ್ಟಿ ಗಡಗಿ ಆದಂಗ ಆಗಿತ್ತು. ರವಿವಾರ ತಾನ ಸೋರಿ ಸೀರಿ ತೋದದ್ದನ್ನ ಅತ್ತಿ ನೋಡಿ ಬಾಯಿ ಬಡಕೊಂಡ್ಲು. ಆವಾಗ ಒಯ್ದಾರ.’ ಆಮೇಲೆ ದನಿ ತಗ್ಗಿಸಿ, ‘ಬುಧವಾರದಿಂದನ ಇತ್ತಂತ್ರಿ ಅದು, ಕುಂಡ್ರೋ ಜಾಗಾ ಜೋಮಾನೂ,’ ಎಂದಳು.

ಬುಧವಾರ. ಎಂದರೆ ನನ್ನ ಮುಂದೆ ಕಂಬಕ್ಕೆ ಒರಗಿ ನಿಂತಾಗ ಅವಳಿಗೆ ಕೂರುವ ಜಾಗದ ಅರಿವೇ ಹೋಗಿತ್ತು. ಕೂತರೆ ಏನೋ ಬೇರೆಯವರ ಮೈಮೇಲೆ ಕೂತ ಹಾಗಾಗುತ್ತಿತ್ತಂತೆ, ಅದಕ್ಕೇ ನಿಂತಿದ್ದಳು. ನಾನು ಅದನ್ನು ಮರ್ಯಾದೆ ಎಂದುಕೊಂಡೆ.

‘ಗುರುವಾರ, ಶುಕ್ರವಾರ, ಶನಿವಾರ, ಮೂರು ದಿನ ಏನ ಮಾಡಿದ್ರು ಮನ್ಯಾಗ?’ ಎಂದೆ. ನನ್ನ ದನಿ ಏರಿತ್ತು. ಬೈಯುವುದಕ್ಕೆ ಮತ್ತೆ ಯಾರಾದರೂ ಬೇಕಾಗಿತ್ತು.

ಆಶಾ ಕಾರ್ಯಕರ್ತೆ ತನ್ನ ಚಪ್ಪಲಿ ನೋಡಿದಳು. ‘ಅಕಿ ನಡೀತಿದ್ದಳ್ರಿ. ಮುಂಜಾನೆ ಒಮ್ಮೆ, ಸಂಜಿಕೆ ಒಮ್ಮೆ, ಕೆರಿ ಏರಿ ಮ್ಯಾಲ. ಕಾಲ ಎಳಕೋತ ನಡೀತಿದ್ದಳು. ಯಾಕವ್ವಾ ಅಂತ ನಾನ ಕೇಳಿದ್ನಿ. ನಡದ್ರ ಎಲ್ಲಾ ಬಿಡತೈತಿ ಅಂತ ಅಕ್ಕಾರು ಹೇಳ್ಯಾರ, ನೋವಾದ್ರೂ ನಿಂದರಬ್ಯಾಡ ಅಂದಾರ, ಅಂದ್ಲು.’

ಹನ್ನೊಂದು ವರ್ಷ ಯಾರೂ ನನ್ನ ಮಾತು ಕೇಳಲಿಲ್ಲ ಎಂದು ಅಳುತ್ತಿದ್ದೆನಲ್ಲ, ಕೇಳಿದವಳು ಇವಳೊಬ್ಬಳು. ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದಳು. ನಾನು ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತುಬಿಟ್ಟೆ. ಅವತ್ತಿನ ಪಾಠ ಮಾಡಿದೆನೋ ಇಲ್ಲವೋ ನೆನಪಿಲ್ಲ. ಮಾಡಿರಬೇಕು, ರಜಿಸ್ಟರಿನಲ್ಲಿ ನನ್ನ ಅಕ್ಷರವಿದೆ.

ಶುಕ್ರವಾರ ಕಚೇರಿಯಲ್ಲಿ ಮೇಲಿನವರಿಗೆ ಹೇಳಿದೆ. ಅವರು ರಜಿಸ್ಟರು ತೆಗೆಸಿ ನೋಡಿದರು. ‘ಮೇಡಂ, ನೀವು ಕೇಳಿದ್ದೀರಿ. ಇಲ್ಲ ಅಂದಿದ್ದಾರೆ. ಬರೆದಿದ್ದೀರಿ. ನಿಮ್ಮದೇನೂ ತಪ್ಪಿಲ್ಲ,’ ಎಂದರು. ಒಳ್ಳೆಯ ಮನುಷ್ಯ, ನನ್ನನ್ನು ಉಳಿಸಲೆಂದೇ ಹೇಳಿದರು. ಆ ನಾಲ್ಕು ‘ಇಲ್ಲ’ಗಳನ್ನು ನೋಡಿದರೆ ನನಗೆ ಹೇಸಿಕೆಯಾಯಿತು. ಕೇಳಿದ್ದು ಖರೆ, ಆದರೆ ಉತ್ತರ ಬರದ ಹಾಗೆ ಕೇಳಿದ್ದೆ. ಇದನ್ನು ಅವರಿಗೆ ಹೇಗೆ ತಿಳಿಸುವುದು? ಅವರು ಬೆಂಗಳೂರು ಕಡೆಯವರು. ನಮ್ಮ ಸೊಸೆಯಂದಿರು, ನಮ್ಮ ಮಾವಂದಿರು, ಒಡೆದ ಹಾಲು, ಇದನ್ನೆಲ್ಲ ಎಲ್ಲಿಂದ ಶುರುಮಾಡಲಿ? ರಜಿಸ್ಟರು ಮುಚ್ಚಿ ಎದ್ದು ಬಂದೆ.

ಅವಳನ್ನು ನೋಡಲು ಹೋಗಬೇಕಿತ್ತು. ಹೋಗಲಿಲ್ಲ. ಈ ವಾರ ಹಾನಗಲ್ಲಿನಲ್ಲಿ ಜನ ಜಾಸ್ತಿ, ಮುಂದಿನ ವಾರ ನನಗೇ ಮೈಯಲ್ಲಿ ಆರಾಮಿಲ್ಲ, ಹೀಗೆ ಒಂದೊಂದು ನೆಪ. ಹೇಡಿತನ, ಬೇರೇನಲ್ಲ. ಅವಳು ಹುಬ್ಬಳ್ಳಿಯಿಂದ ಮನೆಗೆ ಬಂದಳೆಂದು ತಿಳಿಯಿತು. ಕಾಲಿಗೆ ಶಕ್ತಿ ಬರುತ್ತಿದೆ ಎಂದು ತಿಳಿಯಿತು. ಆದರೆ ಒಂದಕ್ಕೆ ತಾನಾಗಿ ಹೋಗುವುದಿಲ್ಲ, ದಿನಕ್ಕೆ ನಾಲ್ಕೈದು ಸಲ ತಾನೇ ಕ್ಯಾಥೆಟರ್ ಎಂಬ ನಳಿಗೆ ಹಾಕಿಕೊಂಡು ತೆಗೆಯಬೇಕು, ಅದನ್ನು ಅಲ್ಲಿ ಕಲಿಸಿ ಕಳಿಸಿದ್ದಾರೆ ಎಂದೂ ತಿಳಿಯಿತು. ಆ ಮಾತು ಕೇಳಿದ ಮೇಲಂತೂ ಕಾಲೇ ಏಳಲಿಲ್ಲ. ಪಾಠ ಮಾತ್ರ ನಡೆದೇ ಇತ್ತು. ‘ಹೆದರಬ್ಯಾಡ್ರಿ’ ಎನ್ನುವಾಗ ನಾಲಿಗೆ ತಡವರಿಸುತ್ತಿತ್ತು. ಹೆದರಬೇಡಿ ಎನ್ನುವುದು ಸುಳ್ಳಲ್ಲ. ಅವಳ ಮಟ್ಟಿಗೆ ಮಾತ್ರ ಅದು ಸುಳ್ಳಾಗಿತ್ತು. ನಾನು ಯಾರಿಗೆ ಯಾವ ಮಾತು ಹೇಳುತ್ತಿದ್ದೇನೆ ಎಂದು ಒಂದೊಂದು ಮುಖ ನೋಡಿ ಅನುಮಾನಿಸುವಂತಾಯಿತು. ಪ್ರತಿ ಊರಿನಲ್ಲೂ, ಮೊದಲು ಚಾ ಆಗಿದೆಯೋ ಇಲ್ಲವೋ ಎಂದು ಕೇಳುತ್ತಿದ್ದೆ.

ಎರಡೂವರೆ ತಿಂಗಳಾದ ಮೇಲೆ ಆಶಾ ಕಾರ್ಯಕರ್ತೆಯೇ ಫೋನ್ ಮಾಡಿ ನನ್ನನ್ನು ದಬ್ಬಿದಳು. ‘ಅಕಿ ನಿಮ್ಮನ್ನ ಕೇಳಾಕತ್ತಾಳ್ರಿ. ಅಕ್ಕಾರು ಯಾಕ ಬರಲಿಲ್ಲ ಅಂತ. ನಾ ಏನ ಹೇಳ್ಲಿ?’

ಹೋದೆ. ಮಳೆ ಬಿದ್ದು ಗೋವಿನಜೋಳ ಮೊಣಕಾಲುದ್ದ ಬಂದಿತ್ತು. ಪಡಸಾಲೆಯಲ್ಲಿ ಮಾವ ಎದ್ದು ನಿಂತು, ‘ಬರ್ರಿ ಅಕ್ಕಾರ, ಬರ್ರಿ’ ಎಂದು ಕಂಬಳಿ ಹಾಸಿದರು. ಬೈಸಿಕೊಳ್ಳಲು ಸಿದ್ಧಳಾಗಿ ಹೋದವಳಿಗೆ ಅವರು ಚಾ ಕೊಟ್ಟರು.

‘ನಿಮ್ಮ ಧೈರ್ಯದಿಂದ ಅಕಿ ಎದ್ದಳ್ರಿ,’ ಎಂದರು. ‘ದವಾಖಾನ್ಯಾಗೂ ನಿಮ್ಮ ಹೆಸರ ಹೇಳತಿದ್ದಳು. ನಾವು ಮಲಗಿಸಿ ತಪ್ಪ ಮಾಡಿದ್ವಿ. ಅವತ್ತ ನೀವು ಮಂದ್ಯಾಗ ಬೈದಿದ್ದು ಖರೇನ ಐತಿ.’

ಆ ಚಾವನ್ನು ಕುಡಿಯದೆ ಕೆಳಗಿಟ್ಟೆ. ಆ ಮುದುಕ ತನ್ನ ತಪ್ಪು ಎಂದುಕೊಂಡು ಎರಡೂವರೆ ತಿಂಗಳು ಬೇಯುತ್ತಿದ್ದಾನೆ. ನಳಿಗೆಯ ವಿಷಯ ಮಾವನಿಗೆ ಗೊತ್ತಿರಲಿಲ್ಲ. ಗಂಡನಿಗೆ ಮತ್ತು ಅತ್ತೆಗೆ ಮಾತ್ರ ಗೊತ್ತು ಎಂದು ಆಶಾ ಕಾರ್ಯಕರ್ತೆ ದಾರಿಯಲ್ಲೇ ಹೇಳಿದ್ದಳು. ಸೊಸೆಯ ಜೊತೆ ಮಾತಾಡಬೇಕು, ಒಳಗೆ ಹೋಗುತ್ತೇನೆ ಎಂದೆ. ‘ಹೋಗ್ರಿ ಹೋಗ್ರಿ, ನಾ ಹೊಲದ ಕಡೆ ಹೋಗಿ ಬರ್ತೇನಿ,’ ಎಂದು ಅವರೇ ಚಪ್ಪಲಿ ಮೆಟ್ಟಿದರು. ಅವತ್ತೂ ಇಷ್ಟೇ ಬೇಕಾಗಿದ್ದದ್ದು. ಒಂದು ಮಾತಿಗೆ ಎದ್ದು ಹೋಗುವ ಮನುಷ್ಯ.

ಒಳಕೋಣೆಯಲ್ಲಿ ಅವಳು ಮಂಚದ ತುದಿಯಲ್ಲಿ ಒಂದು ತಲೆದಿಂಬು ಇಟ್ಟುಕೊಂಡು ಕೂತಿದ್ದಳು. ನನ್ನನ್ನು ಕಂಡು ಏಳಲು ಹೋದಳು, ಬೇಡ ಎಂದೆ. ತೆಳ್ಳಗಾಗಿದ್ದಳು. ನಳಿಗೆಗಳನ್ನು ತೊಳೆದು ಒಂದು ಬಿಳಿ ಅರಿವೆಯಲ್ಲಿ ಸುತ್ತಿ ಟ್ರಂಕಿನ ಮೇಲೆ ಇಟ್ಟಿದ್ದಳು. ಎಷ್ಟೆಷ್ಟು ಹೊತ್ತಿಗೆ ಹಾಕಿಕೊಳ್ಳುತ್ತೀ, ಜ್ವರ ಬಂದಿತ್ತೇ, ನೀರು ಕುಡಿಯುತ್ತೀಯೋ ಇಲ್ಲವೋ ಎಂದು ಕೇಳಿದೆ. ಎಲ್ಲಕ್ಕೂ ಸರಿಯಾಗಿ ಉತ್ತರ ಹೇಳಿದಳು. ಈಗ ಅವಳಿಗೆ ನಾಚಿಕೆ ಇರಲಿಲ್ಲ, ಅಥವಾ ದವಾಖಾನೆಯಲ್ಲಿ ಅದನ್ನು ಕಳೆದುಕೊಂಡು ಬಂದಿದ್ದಳು. ಕಾಲು ಎತ್ತಿ ತೋರಿಸಿದಳು. ಚೆನ್ನಾಗಿ ಬಂದಿತ್ತು. ನಡೆಯಬಲ್ಲಳು, ಬಾಗಬಲ್ಲಳು. ಹೊಲದಲ್ಲಿ ನಳಿಗೆಗೆ ಮರೆಯೂ ಇಲ್ಲ, ತೊಳೆಯುವ ನೀರೂ ಇಲ್ಲ ಎಂದು ಕ್ರಾಸಿಂಗ್ ಕೆಲಸ ಬಿಟ್ಟಿದ್ದಳು.

ಬಸ್ಸಿನಲ್ಲಿ ನಾನು ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅವಳೇ ಕೇಳಿದಳು.

‘ಅಕ್ಕಾರ, ಒಂದ್ ಮಾತ ಕೇಳ್ತೇನಿ, ಖರೇ ಹೇಳ್ರಿ. ದವಾಖಾನ್ಯಾಗ ಯಾರೂ ಸರಿಯಾಗಿ ಹೇಳಲಿಲ್ಲ. ಅವತ್ತ ನಿಮ್ಮ ಮುಂದ ನಾ ಹೇಳಿದ್ರ, ಇದು ಆರಾಮ ಆಕ್ಕಿತ್ತೇನ್ರಿ?’

ಹೇಳಲಿಕ್ಕೆ ಬರುವುದಿಲ್ಲ ಎನ್ನಬಹುದಿತ್ತು. ಅದರಲ್ಲಿ ಅರ್ಧ ನಿಜವೂ ಇದೆ. ನರದ ಮಾತು ಯಾರೂ ಖಚಿತವಾಗಿ ಹೇಳಲಾರರು. ಅವಳಿಗೂ ಸಮಾಧಾನ, ನನಗೂ ಬಿಡುಗಡೆ. ಆ ಮಾತು ನಾಲಿಗೆಯ ತುದಿಯವರೆಗೆ ಬಂತು. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

‘ಬಹಳ ಮಟ್ಟಿಗೆ ಆಕ್ಕಿತ್ತವ್ವಾ,’ ಎಂದೆ. ‘ಅವತ್ತ ಹುಬ್ಬಳ್ಳಿ ಮುಟ್ಟಿದ್ರ ಈ ನಳಿಗಿ ಬ್ಯಾಡಾಕ್ಕಿತ್ತು ಅಂತ ನನಗ ಅನಸ್ತೈತಿ. ತಪ್ಪ ನಂದು. ನಾ ಯಾವಾಗ್ಲೂ ಗಂಡಸರನ್ನ ಹೊರಗ ಕಳಸಿ ಕೇಳ್ತೇನಿ. ಅವತ್ತ ಬಸ್ಸಿಗೆ ಅವಸರ ಮಾಡಿದೆ, ಕಳಸಲಿಲ್ಲ.’

ಅವಳು ತಲೆದಿಂಬಿನ ಅಂಚು ಹಿಂಡುತ್ತ ಕೂತಳು. ‘ಅಂದ್ರ ನಿಮಗ ಗೊತ್ತಿತ್ತು,’ ಎಂದಳು. ‘ಮಾವಾರ ಮುಂದ ನಾ ಹೇಳಂಗಿಲ್ಲ ಅಂತ.’

‘ಗೊತ್ತಿತ್ತು.’

‘ನನಗ ಗೊತ್ತಿರಲಿಲ್ರಿ. ನಡಾ ನೋಯೋದಕ್ಕೂ ಇದಕ್ಕೂ ಸಂಬಂಧ ಐತಿ ಅಂತ. ನಡದ್ರ ಇದೂ ಬಿಡತೈತಿ ಅಂದ್ಕೊಂಡೆ.’

ನಾನು ಅತ್ತುಬಿಟ್ಟೆ. ಅವಳ ಮುಂದೆ ಅಳಬಾರದಿತ್ತು, ಅಳುವ ಹಕ್ಕು ನನ್ನದಲ್ಲ, ಆದರೂ ಅತ್ತೆ. ಅವಳು ಅಳಲಿಲ್ಲ. ಸಮಾಧಾನ ಮಾಡಲೂ ಇಲ್ಲ. ನಾನು ಮೂಗು ಒರೆಸಿಕೊಂಡು ಮುಗಿಸುವ ತನಕ ಕಾದಳು. ಆಮೇಲೆ ಸೆರಗು ಸರಿಮಾಡಿಕೊಂಡು, ದಿಂಬು ಬದಿಗಿಟ್ಟು, ನನ್ನ ಕಡೆ ತಿರುಗಿ ಕೂತಳು.

‘ಹೇಳ್ರಿ ಅಕ್ಕಾರ. ಈಗ ದಿನಾ ಎಷ್ಟು ನಡೀಬೇಕು?’

ಹೇಳಿದೆ. ಮುಂಜಾನೆ ಎಷ್ಟು, ಸಂಜೆ ಎಷ್ಟು, ಎಲ್ಲಿ ನಿಲ್ಲಬೇಕು, ಏನಾದರೆ ನನಗೆ ಕೂಡಲೇ ಫೋನ್ ಮಾಡಬೇಕು. ಒಂದೊಂದು ಮಾತನ್ನೂ ಎರಡೆರಡು ಸಲ ಯೋಚಿಸಿ ಹೇಳಿದೆ. ಅವಳು ಬೆರಳು ಮಡಿಸುತ್ತ ಕೇಳಿದಳು.

‘ಆತ್ರಿ,’ ಎಂದಳು. ‘ನೀವು ಹೇಳಿದಷ್ಟ ನಡೀತೇನಿ.’